ಇಪ್ಪತ್ತೊಂದರ ಆಟಕ್ಕೆ ಆದಿತಾಳ

ಜೂಜಿನಲ್ಲಿ ಸೋಲುವವರೆಲ್ಲ ಓದಿಕೊಳ್ಳದೆ ಹೋದವರು ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಆದ್ದರಿಂದ ನಾನು ಓದಿಕೊಂಡೇ ಹೋದೆ. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲೈಬ್ರರಿಯಿಂದ, ಮೊದಲ ಸಲ ಕ್ಯಾಸಿನೋಗೆ ಹೋಗುವವರಿಗೆಂದೇ ಬರೆದ ಒಂದು ದಪ್ಪ ಪುಸ್ತಕ ತಂದೆ. ಹಗಲೆಲ್ಲ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ದಣಿದು ಬಂದು, ಸಂಜೆ ಅಡುಗೆಮನೆಯ ಮೇಜಿನ ಮುಂದೆ ಕೂತು ಅದನ್ನು ಅಭ್ಯಾಸ ಮಾಡಿದೆ. ಎಂ.ಎಸ್ಸಿ. ಪರೀಕ್ಷೆಗೂ ನಾನು ಇಷ್ಟು ಓದಿರಲಿಲ್ಲ. ಓದಿದ್ದರೆ ಬಹುಶಃ ಬ್ಯಾಕ್ಟೀರಿಯಾದ ಸಹವಾಸವಾದರೂ ತಪ್ಪುತ್ತಿತ್ತು.

ನನಗೆ ಜೂಜಿನ ಹುಚ್ಚೇನೂ ಇರಲಿಲ್ಲ. ಇದ್ದದ್ದು ಮಾವ. ನನ್ನ ಹೆಂಡತಿ ನಳಿನಿಯ ತಂದೆ, ಅರಸೀಕೆರೆಯಲ್ಲಿ ಸ್ಟೇಷನ್ ಮಾಸ್ಟರಾಗಿ ನಿವೃತ್ತರಾದವರು, ಆರು ತಿಂಗಳಿಗೆಂದು ನಮ್ಮ ಅಪಾರ್ಟ್‌ಮೆಂಟಿಗೆ ಬಂದಿಳಿದಿದ್ದರು. ಊರಿನಿಂದ ಬಂದ ಹಿರಿಯರಿಗೆ ಅಮೆರಿಕ ತೋರಿಸುವುದು ಅಳಿಯನ ಧರ್ಮ. ಆ ಧರ್ಮವನ್ನು ಶನಿವಾರ ಭಾನುವಾರಗಳಲ್ಲಿ ಪಾಲಿಸಿ ಪಾಲಿಸಿ ನನ್ನ ಸೊಂಟ ಬಿದ್ದುಹೋಗಿತ್ತು. ಗೋಲ್ಡನ್ ಗೇಟ್ ಸೇತುವೆಯ ಮುಂದೆ ನಿಲ್ಲಿಸಿದರೆ, ಅದು ಬಣ್ಣವೋ ತುಕ್ಕೋ ಎಂದು ಕೇಳಿದರು. ಮುಗಿಲು ಮುಟ್ಟುವ ರೆಡ್‌ವುಡ್ ಮರಗಳನ್ನು ತೋರಿಸಿದರೆ, ಹಳಿಯ ಕೆಳಗೆ ಹಾಕುವ ಸ್ಲೀಪರಿಗೆ ಒಳ್ಳೆಯ ಮರ ಎಂದರು. ಪಾಲೋ ಆಲ್ಟೋದ ದೊಡ್ಡ ವಿಶ್ವವಿದ್ಯಾಲಯಕ್ಕೆ ಭಾನುವಾರ ಕರೆದುಕೊಂಡು ಹೋದರೆ, ಹುಡುಗರು ಒಬ್ಬರೂ ಕಾಣುತ್ತಿಲ್ಲವಲ್ಲ, ಮುಷ್ಕರವೇ ಎಂದು ವಿಚಾರಿಸಿದರು. ಯಾವುದಕ್ಕೂ ಮೆಚ್ಚುಗೆಯ ಒಂದು ಮಾತಿಲ್ಲ.

ಮೆಚ್ಚುಗೆಗೆ ಮಾವನ ಬಳಿ ಇದ್ದದ್ದು ಒಂದೇ ಶಬ್ದ. ‘ಭೇಷ್’. ಅದನ್ನು ಅವರು ಸಂಗೀತ ಕಚೇರಿಗಳಿಗೆಂದು ಮೀಸಲಿಟ್ಟಿದ್ದರು. ಅಲ್ಲಿಯೂ ಪಿಟೀಲಿನವರಿಗೆ ಒಂದು, ಮೃದಂಗದವರಿಗೆ ಒಂದು, ಅಷ್ಟೇ. ನಾನು ಅವರ ಅಳಿಯನಾಗಿ ಹತ್ತು ವರ್ಷವಾಗಿತ್ತು. ಡಾಕ್ಟರೇಟ್ ಮಾಡಿದೆ, ಅಮೆರಿಕಕ್ಕೆ ಬಂದೆ, ಅವರ ಮಗಳಿಗೆ ಡ್ರೈವಿಂಗ್ ಕೂಡ ಕಲಿಸಿ ಬದುಕುಳಿದೆ. ನನಗೆ ಒಂದೂ ಭೇಷ್ ಬಂದಿರಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಆ ಒಂದು ಶಬ್ದಕ್ಕಾಗಿ ನಾನು ನಿಜವಾಗಿಯೂ ಹಂಬಲಿಸುತ್ತಿದ್ದೆ.

ಇದಕ್ಕೊಂದು ಹಿನ್ನೆಲೆಯಿದೆ. ಅಳಿಯನ ಕುರುಡು ಬೆಳಗಾದರೆ ಗೊತ್ತಾಗುತ್ತದೆ ಎನ್ನುತ್ತಾರೆ. ನನ್ನದು ರಾಮನವಮಿಯ ಕಚೇರಿಯಲ್ಲಿ ಗೊತ್ತಾಯಿತು. ಮದುವೆಯಾದ ಹೊಸದರಲ್ಲಿ ಅರಸೀಕೆರೆಯ ಪೆಂಡಾಲಿನಲ್ಲಿ ಮಾವನ ಪಕ್ಕ ಕೂತು, ಬಲ್ಲವನ ಹಾಗೆ ತೊಡೆ ತಟ್ಟಿ ತಾಳ ಹಾಕಿದ್ದೆ. ಮಾವ ನನ್ನ ತೊಡೆಯನ್ನೊಮ್ಮೆ ನೋಡಿ, ಎದ್ದು, ಎರಡು ಸಾಲು ಮುಂದೆ ಹೋಗಿ ಕೂತರು. ಆ ನೋಟ ನನ್ನ ಜೊತೆ ವಿಮಾನ ಹತ್ತಿ ಕ್ಯಾಲಿಫೋರ್ನಿಯಾಕ್ಕೂ ಬಂತು. ಅಂದಿನಿಂದ ಕಾರಿನಲ್ಲಿ ಕ್ಯಾಸೆಟ್ ಹಾಕಿಕೊಂಡು, ಫ್ರೀವೇಯಲ್ಲಿ ಸ್ಟಿಯರಿಂಗಿನ ಮೇಲೆ ಆದಿತಾಳ ಸಾಧನೆ ಮಾಡುತ್ತ ಬಂದೆ. ಒಂದು ಪೆಟ್ಟು, ಮೂರು ಬೆರಳೆಣಿಕೆ, ಪೆಟ್ಟು, ಅಂಗೈ ಮಗುಚಿ ಬೀಸುವ ವೀಚು, ಮತ್ತೆ ಪೆಟ್ಟು, ವೀಚು. ಕೊನೆಗೆ ಎಲ್ಲಿಗೆ ಬಂತೆಂದರೆ, ಪಕ್ಕದಲ್ಲಿ ಯಾರು ಗುನುಗಿದರೂ ನನ್ನ ಬಲಗೈ ನನ್ನನ್ನು ಕೇಳದೆ ಏಳುತ್ತಿತ್ತು.

ಕ್ಯಾಸಿನೋಗಳ ಊರಾದ ರೀನೋಗೆ ಹೋಗುವ ಬಸ್ಸಿನ ಸುದ್ದಿ ತಂದವಳು ನಳಿನಿ. ನಮ್ಮೂರಿನ ಪಾರ್ಕಿಂಗ್ ಲಾಟಿನಿಂದ ಬೆಳಿಗ್ಗೆ ಹೊರಟು ರಾತ್ರಿ ವಾಪಸು ತಂದುಬಿಡುವ ಬಸ್ಸು. ಟಿಕೆಟ್ಟಿನ ದುಡ್ಡನ್ನು ಕ್ಯಾಸಿನೋದವರೇ ಕಾಲು ಡಾಲರಿನ ಕ್ವಾರ್ಟರ್ ನಾಣ್ಯಗಳನ್ನು ಕಾಗದದಲ್ಲಿ ಸುತ್ತಿ ಸುರುಳಿ ಮಾಡಿ ಹಿಂದಿರುಗಿಸುತ್ತಾರೆ, ಜೊತೆಗೆ ಊಟದ ಕೂಪನ್. ಆಡದೆ ಇದ್ದರೆ ಎಲ್ಲ ಬಿಟ್ಟಿ ಎಂದು ಅವಳು ಲೆಕ್ಕ ಹಾಕಿದ್ದಳು. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎಂಬ ಗಾದೆ ನಮ್ಮ ಮನೆಯಲ್ಲಿ ಅಕ್ಷರಶಃ ನಿಜವಾಯಿತು. ನನಗೋ ಬೇರೆಯೇ ಕನಸು. ಮಾವನ ಕಣ್ಣೆದುರು, ಬುದ್ಧಿವಂತಿಕೆಯಿಂದ, ಅಮೆರಿಕವನ್ನು ಅಮೆರಿಕದ ಆಟದಲ್ಲೇ ಗೆಲ್ಲಬೇಕು. ಅದನ್ನು ನೋಡಿಯೂ ಒಬ್ಬ ಮನುಷ್ಯ ಭೇಷ್ ಎನ್ನದೆ ಇರಲು ಹೇಗೆ ಸಾಧ್ಯ!

ಊಟದ ಕೂಪನ್ ಇದ್ದರೂ ನಳಿನಿ ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡಳು. ಬಸ್ಸು ಹೇಳಿದ ನಿಮಿಷಕ್ಕೆ ಹೊರಟಿತು. ಮಾವ ಕೈಗಡಿಯಾರ ನೋಡಿ ತಲೆದೂಗಿದರು. ಇದು ಶುಭ ಸೂಚನೆ ಎಂದುಕೊಂಡು ನಾನು ಉಪನ್ಯಾಸ ಶುರು ಮಾಡಿದೆ. ಸೋಲಲು ಸಿದ್ಧವಿರುವ ದುಡ್ಡನ್ನು ಒಂದು ಜೇಬಿನಲ್ಲಿ, ಉಳಿದದ್ದನ್ನು ಇನ್ನೊಂದು ಜೇಬಿನಲ್ಲಿ ಇಟ್ಟುಕೊಳ್ಳತಕ್ಕದ್ದು. ಬಿಟ್ಟಿ ಸಿಗುವ ಪಾನೀಯವನ್ನು ಮುಟ್ಟತಕ್ಕದ್ದಲ್ಲ. ಸೋತದ್ದನ್ನು ಹಿಂದಕ್ಕೆ ಪಡೆಯಲು ಎಂದಿಗೂ ಆಡತಕ್ಕದ್ದಲ್ಲ. ಎದ್ದೇಳುವ ಹೊತ್ತನ್ನು ಕೂರುವ ಮೊದಲೇ ನಿಶ್ಚಯಿಸತಕ್ಕದ್ದು. ಮಾವ ಇಷ್ಟು ಹೊತ್ತೂ ಕಣ್ಣು ಮುಚ್ಚಿಕೊಂಡಿದ್ದರು.

ಅವರು ಕಣ್ಣು ಬಿಟ್ಟದ್ದು ಒಂದೇ ಕಡೆ. ಬ್ಲ್ಯಾಕ್‌ಜಾಕ್ ಎಂಬ ಇಪ್ಪತ್ತೊಂದರ ಆಟವನ್ನು ನಾನು ವಿವರಿಸುತ್ತಿದ್ದೆ. ಕೈಯಲ್ಲಿರುವ ಇಸ್ಪೀಟ್ ಎಲೆಗಳ ಮೊತ್ತ ಇಪ್ಪತ್ತೊಂದನ್ನು ದಾಟಬಾರದು, ಆದರೆ ಎಲೆ ಹಂಚುವವರ ಮೊತ್ತಕ್ಕಿಂತ ಹೆಚ್ಚಿರಬೇಕು. ಅಲ್ಲಿ ಬಾಯಿಮಾತಿಗೆ ಬೆಲೆಯಿಲ್ಲ, ಎಲ್ಲ ಕೈಸನ್ನೆ. ಮೇಜು ತಟ್ಟಿದರೆ ಇನ್ನೊಂದು ಎಲೆ ಬೇಕೆಂದು ಅರ್ಥ. ಅಂಗೈ ಅಡ್ಡಡ್ಡ ಆಡಿಸಿದರೆ ಸಾಕೆಂದು ಅರ್ಥ. ನಮ್ಮ ಪಂಕ್ತಿಯಲ್ಲಾದರೆ ಬಾಳೆಲೆಗೆ ಎರಡೂ ಕೈ ಅಡ್ಡ ಹಿಡಿದರೂ ಇನ್ನೊಂದು ಹೋಳಿಗೆ ಬೀಳುತ್ತದೆ, ಇಲ್ಲಿ ಹಾಗಲ್ಲ, ಸನ್ನೆ ಎಂದರೆ ಸನ್ನೆ ಎಂದೆ. ಮಾವ ನೆಟ್ಟಗೆ ಕೂತು ಅದನ್ನು ಎರಡು ಸಲ ಹೇಳಿಸಿಕೊಂಡರು. ಬದುಕೆಲ್ಲ ಹಸಿರು ಕೆಂಪು ಬಾವುಟ ಹಿಡಿದು ನಿಂತವರಲ್ಲವೇ!

ಕ್ಯಾಸಿನೋ ಒಳಗೆ ಕಾಲಿಟ್ಟ ಕೂಡಲೇ ಮಾವ ನಾಲ್ಕೂ ಗೋಡೆಗಳನ್ನು ನೋಡಿ ನಿಂತುಬಿಟ್ಟರು. ಇಷ್ಟು ದೊಡ್ಡ ಕಟ್ಟಡದಲ್ಲಿ ಒಂದು ಗಡಿಯಾರವಿಲ್ಲ! ಇವರನ್ನು ನಂಬಬೇಡಿ ಎಂದು ನನ್ನ ಕಿವಿಯಲ್ಲಿ ಹೇಳಿದರು. ದಿನದ ಅತ್ಯುತ್ತಮ ಸಲಹೆ ಅದೇ ಆಗಿತ್ತು, ಆದರೆ ಅದು ನನ್ನ ಪುಸ್ತಕದಲ್ಲಿ ಇರಲಿಲ್ಲ. ನಳಿನಿ ಮೊದಲ ನಾಣ್ಯವನ್ನು ಕಣ್ಣಿಗೊತ್ತಿಕೊಂಡು ಸ್ಲಾಟ್ ಯಂತ್ರದ ಹಿಡಿ ಎಳೆಯುತ್ತ ಕೂತಳು. ಮಾವ ತಮ್ಮ ಸುರುಳಿಯನ್ನು ಬಿಚ್ಚದೆ ಕೋಟಿನ ಒಳಜೇಬಿಗೆ ಹಾಕಿ ಗುಂಡಿ ಹಾಕಿಕೊಂಡರು. ನಾನು ಇಪ್ಪತ್ತೊಂದರ ಮೇಜಿಗೆ ಹೋಗಿ, ದುಡ್ಡು ಕೊಟ್ಟು ಬಿಲ್ಲೆಗಳನ್ನು ಪಡೆದು ಕೂತೆ. ಮಾವ ನನ್ನ ಕುರ್ಚಿಯ ಹಿಂದೆ ಬಂದು ನಿಂತರು.

ಎಲೆ ಹಂಚುತ್ತಿದ್ದವಳು ನಡುವಯಸ್ಸಿನ ಹೆಂಗಸು. ನನ್ನ ಪಕ್ಕದಲ್ಲಿ ನಮ್ಮ ಬಸ್ಸಿನಲ್ಲೇ ಬಂದಿದ್ದ ಫಿಲಿಪಿನೋ ಅಜ್ಜಿ. ಮೊದಲ ನಾಲ್ಕಾರು ಆಟ ಪುಸ್ತಕದ ಪ್ರಕಾರ ನಡೆಯಿತು. ಸ್ವಲ್ಪ ಸೋತೆ, ಸ್ವಲ್ಪ ಗೆದ್ದೆ. ಆಮೇಲೊಂದು ಆಟದಲ್ಲಿ ನನಗೆ ಹದಿನೆಂಟು ಬಂತು. ಆಗ ಸುಮ್ಮನಿರಬೇಕು ಎಂದು ಎಳೆಯ ಮಗುವಿಗೂ ಗೊತ್ತು. ಅದೇ ಹೊತ್ತಿಗೆ ಹಿಂದಿನಿಂದ ಮೋಹನ ರಾಗ ತೇಲಿ ಬಂತು. ಮಾವ ಯಾವುದೋ ಕೃತಿಯ ಪಲ್ಲವಿ ಗುನುಗುತ್ತಿದ್ದರು. ನನ್ನ ಬಲಗೈ ಎದ್ದಿತು. ಮೇಜಿನ ಮೇಲೆ ಒಂದು ಪೆಟ್ಟು ಬಿತ್ತು.

ಆ ಹೆಂಗಸು, ನಿಜವಾಗಿಯೂ ಬೇಕೇ ಎಂದು ಕೇಳಿದಳು. ನನಗೆ ಪ್ರಶ್ನೆಯೇ ತಿಳಿಯಲಿಲ್ಲ. ತಿಳಿಯದಿದ್ದಾಗ ನಾವು ಮಾಡುವಂತೆ ತಲೆಯನ್ನು ಎರಡೂ ಕಡೆಗೆ ಆಡಿಸಿದೆ. ಅಲ್ಲಿ ಲೆಕ್ಕಕ್ಕೆ ಬರುವುದು ಕೈ, ತಲೆಯಲ್ಲ. ಎಲೆ ಬಿತ್ತು. ಮೂರು. ಒಟ್ಟು ಇಪ್ಪತ್ತೊಂದು!

ಮೇಜಿನ ಸುತ್ತ ಇದ್ದವರು ಉಸಿರೆಳೆದುಕೊಂಡರು. ಅಜ್ಜಿ ನನ್ನ ತೋಳು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ. ಅಷ್ಟರಲ್ಲಿ ಹಿಂದಿನಿಂದ ಆ ಶಬ್ದ ಕೇಳಿಸಿತು, ಸ್ಪಷ್ಟವಾಗಿ, ಗಂಭೀರವಾಗಿ.

“ಭೇಷ್.”

ಹತ್ತು ವರ್ಷ! ಆ ಕ್ಷಣದಲ್ಲಿ ಲೈಬ್ರರಿ ಪುಸ್ತಕ ಪೂರ್ತಿಯಾಗಿ ನನ್ನ ತಲೆಯಿಂದ ಇಳಿದುಹೋಯಿತು. ಮುಂದಿನ ಆಟಕ್ಕೆ ದುಪ್ಪಟ್ಟು ಬಿಲ್ಲೆ ಇಟ್ಟೆ. ಹದಿನೇಳು ಬಂತು, ಮಾವ ಗುನುಗಿದರು, ಪೆಟ್ಟು ಬಿತ್ತು, ಇಪ್ಪತ್ತೈದಾಗಿ ಸೋತೆ. ಅದರ ಮುಂದಿನದಕ್ಕೆ ಹದಿಮೂರು ಬಂತು. ಪೆಟ್ಟು ಹಾಕಿ ಕಿರುಬೆರಳು, ಉಂಗುರದ ಬೆರಳು ಎಂದು ಎಣಿಕೆಗೆ ಇಳಿಯುವಷ್ಟರಲ್ಲಿ ಎರಡು ಎಲೆ ಬಂದು ಕೂತಿದ್ದವು. ಸಾಕು ಎನ್ನುವ ಸನ್ನೆಗೆ ಹತ್ತಿರದ್ದೆಂದರೆ ವೀಚು. ಆದರೆ ಆದಿತಾಳದಲ್ಲಿ ಅದು ಆರನೆಯ ಅಕ್ಷರಕ್ಕೆ ಬರುತ್ತದೆ. ಅಷ್ಟು ಹೊತ್ತಿಗೆ ಯಾವ ಮನುಷ್ಯನೂ ಉಳಿದಿರುವುದಿಲ್ಲ. ಅಜ್ಜಿ ತನಗೆ ಬರಬೇಕಾಗಿದ್ದ ಎಲೆಗಳನ್ನೆಲ್ಲ ನಾನು ನುಂಗುತ್ತಿದ್ದೇನೆಂದು ಗೊಣಗಿ, ತನ್ನ ಬಿಲ್ಲೆಗಳನ್ನು ಬಾಚಿಕೊಂಡು ಬೇರೆ ಮೇಜಿಗೆ ಎದ್ದುಹೋದಳು. ಅರಸೀಕೆರೆಯ ಪೆಂಡಾಲು ನೆನಪಾಯಿತು.

ಕೊನೆಗೆ ಎಲೆ ಹಂಚುವವಳೇ ಮರುಕದಿಂದ, ಎಲೆ ಬೇಡವಾದರೆ ದಯವಿಟ್ಟು ಮೇಜು ಮುಟ್ಟಬೇಡಿ ಎಂದಳು. ಆಗ ನನಗೆ ಜ್ಞಾನೋದಯವಾಯಿತು. ಬೆಳಿಗ್ಗೆ ಇದನ್ನೇ ಬಸ್ಸಿನಲ್ಲಿ ಎರಡು ಸಲ ಬೋಧಿಸಿದವನು ನಾನು! ಉಳಿದಿದ್ದ ಬಿಲ್ಲೆಗಳನ್ನೂ, ಮುಟ್ಟತಕ್ಕದ್ದಲ್ಲದ ಜೇಬಿನ ದುಡ್ಡನ್ನೂ ಸೇರಿಸಿ ಇಟ್ಟೆ. ಸೋತದ್ದನ್ನು ಹಿಂದಕ್ಕೆ ಪಡೆಯಲು. ರಾಜ ಬಂತು, ರಾಣಿ ಬಂತು, ತಲಾ ಹತ್ತು. ಇಪ್ಪತ್ತು. ಅವಳ ಮುಂದೆ ಬರೀ ಆರು. ಕೈ ಕಟ್ಟಿಕೊಂಡಿದ್ದು, ಕೊನೆಗೆ ಒಮ್ಮೆ ಅಂಗೈ ಆಡಿಸಿದರೆ ಎಲ್ಲ ವಾಪಸು ಬರುತ್ತಿತ್ತು.

ಹಿಂತಿರುಗಿ ನೋಡಿದೆ. ಮಾವ ಕಣ್ಣು ಅರೆಮುಚ್ಚಿ ಹಾಡಿನಲ್ಲಿ ಮುಳುಗಿದ್ದರು. ಆ ಮುಖದಲ್ಲಿ ಇಂಥ ತೃಪ್ತಿಯನ್ನು ನಾನು ಗೋಲ್ಡನ್ ಗೇಟಿನಲ್ಲಿ ನೋಡಿರಲಿಲ್ಲ, ನನ್ನ ಮದುವೆಯಲ್ಲಂತೂ ಇಲ್ಲವೇ ಇಲ್ಲ. ನನ್ನ ತಾಳ ಕೊನೆಗೂ ಅವರಿಗೆ ಒಪ್ಪಿಗೆಯಾಗಿದೆ. ಈಗ ನಿಲ್ಲಿಸಿದರೆ ದುಡ್ಡು ಉಳಿಯುತ್ತದೆ, ತಾಳದ ಆವರ್ತ ಅರ್ಧಕ್ಕೆ ಮುರಿಯುತ್ತದೆ, ಮಾವ ಎರಡು ಸಾಲು ಮುಂದೆ ಹೋಗಿ ಕೂರುತ್ತಾರೆ. ದುಡ್ಡು ಇಂದು ಬರುತ್ತದೆ ನಾಳೆ ಹೋಗುತ್ತದೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡು, ಆವರ್ತ ಶುರುವಾಗುವ ಸಮಕ್ಕೆ ಸರಿಯಾಗಿ, ತಿಳಿದೂ ತಿಳಿದೂ, ಮೇಜಿನ ಮೇಲೆ ಪೆಟ್ಟು ಹಾಕಿದೆ. ಎಂಟು ಬಂತು.

“ಭೇಷ್!” ಎಂದರು ಮಾವ, ಈ ಸಲ ಇನ್ನೂ ಗಟ್ಟಿಯಾಗಿ. ಬರಿಗೈಯಲ್ಲಿ ಎದ್ದೆ. ಆದರೂ ಎದೆ ತುಂಬಿತ್ತು.

ಊಟದ ಕೂಪನ್ನಿಗೆ ನಮಗೆ ತಿನ್ನಲಾಗುವ ಪದಾರ್ಥವೆಂದರೆ ಬೇಯಿಸಿದ ಆಲೂಗಡ್ಡೆ, ಕಲ್ಲಂಗಡಿ ಹಣ್ಣು. ತಿರುಗಿ ಬರುವಾಗ ಬಸ್ಸಿನಲ್ಲಿ ಪುಳಿಯೋಗರೆ ಬಿಚ್ಚಿದೆವು. ನಳಿನಿ, ಎಷ್ಟು ಹೋಯಿತು ಎಂದು ಕೇಳಿದಳು. ನಾನು ದೊಡ್ಡ ಮನುಷ್ಯನಂತೆ, ಹೋದದ್ದು ಮುಖ್ಯವಲ್ಲ, ಬಂದದ್ದು ಮುಖ್ಯ ಎಂದು ಹೇಳಿ, ಮಾವನ ಕಡೆ ತಿರುಗಿದೆ.

“ಮಾವ, ಇವತ್ತು ನೀವು ಎರಡು ಸಲ ಭೇಷ್ ಅಂದ್ರಿ.”

“ಅಂದೆ ಅಳಿಯಂದ್ರೆ. ಆ ಎಲೆ ಹಂಚ್ತಿದ್ದ ಹೆಂಗಸಿನ ಕೈ ನೋಡಿದ್ರಾ? ಏನು ಲಯ ಅಂತೀರಿ. ಒಂದೆಲೆ ಹಿಂದಿಲ್ಲ, ಒಂದೆಲೆ ಮುಂದಿಲ್ಲ. ನಾನು ಗುನುಗ್ತಾ ಇದ್ದದ್ದೇ ಆಕೆ ಕೈಗೆ. ಏನು ಮಾಡೋದು, ಮಧ್ಯೆ ಮಧ್ಯೆ ನೀವು ಮೇಜು ಕುಟ್ಟಿ ಕುಟ್ಟಿ ತಪ್ಪಿಸ್ತಿದ್ರಿ.”

ಪುಳಿಯೋಗರೆ ಗಂಟಲಲ್ಲಿ ನಿಂತಿತು. ನಳಿನಿ ನೀರು ಕೊಟ್ಟಳು. ಕುಡಿದು ಮಾವನ ಕಡೆ ವಾಲಿದೆ.

“ಕುಟ್ಟಿದ್ರೆ ಎಲೆ ಬರುತ್ತೆ ಅಂತ ನಿಮಗೆ ಗೊತ್ತಿತ್ತಲ್ಲ ಮಾವ. ಒಂದು ಮಾತು ಹೇಳಬಾರದಿತ್ತಾ?”

“ನೀವೇ ಬೆಳಿಗ್ಗೆ ಹೇಳಿಕೊಟ್ಟದ್ದು. ಓದಿಕೊಂಡು ಬಂದೋರಿಗೆ ನಾನೇನು ಹೇಳಲಿ? ನೀವು ಸಿಗ್ನಲ್ ಕೊಟ್ರಿ, ಗಾಡಿ ಬಂತು. ಆಕೇದೇನು ತಪ್ಪು?”

ನಳಿನಿ ಕಿಟಕಿಯ ಕಡೆ ಮುಖ ಮಾಡಿಕೊಂಡಳು. ಅವಳ ಭುಜ ಅಲುಗುತ್ತಿದ್ದದ್ದು ರಸ್ತೆಯ ದೋಷವಲ್ಲ.

ಪಾರ್ಕಿಂಗ್ ಲಾಟಿನಲ್ಲಿ ಬೆಳಿಗ್ಗೆ ನಿಲ್ಲಿಸಿದ್ದ ಕಾರನ್ನು ಶುಲ್ಕ ಕಟ್ಟಿ ಬಿಡಿಸಿಕೊಳ್ಳಲು ನನ್ನ ಎರಡೂ ಜೇಬುಗಳಲ್ಲಿ ಏನೂ ಇರಲಿಲ್ಲ. ನಳಿನಿಯ ಸುರುಳಿಯನ್ನು ಸ್ಲಾಟ್ ಯಂತ್ರ ತಿಂದಿತ್ತು. ಮಾವ ಕೋಟಿನ ಗುಂಡಿ ಬಿಚ್ಚಿ, ಒಡೆಯದ ತಮ್ಮ ಸುರುಳಿಯನ್ನು ಮೇಲಕ್ಕೆತ್ತಿದರು. ನನ್ನ ಸಲಹೆಗಳನ್ನೆಲ್ಲ ಶಿರಸಾವಹಿಸಿ ಪಾಲಿಸಿದ ಏಕೈಕ ಜೂಜುಗಾರ ಅವರೇ, ಅದೂ ಕಣ್ಣು ಮುಚ್ಚಿಕೊಂಡು ಕೇಳಿ.

ಮನೆಯ ದಾರಿಯಲ್ಲಿ ಎಲ್ಲರಿಗೂ ಸುಸ್ತಾಗಿತ್ತು. ಸ್ವಲ್ಪ ದೂರ ಹೋದ ಮೇಲೆ ಹಿಂದಿನ ಸೀಟಿನಿಂದ ಮತ್ತೆ ಮೋಹನ ಶುರುವಾಯಿತು. ನನ್ನ ಬಲಗೈ ಏಳಲು ನೋಡಿತು. ಎರಡೂ ಕೈಗಳಿಂದ ಸ್ಟಿಯರಿಂಗನ್ನು ಬಿಗಿಯಾಗಿ ಅದುಮಿ ಹಿಡಿದೆ. ಹಲ್ಲು ಕಚ್ಚಿಕೊಂಡು ಒಂದು ಬೆರಳೂ ಅಲುಗದಂತೆ ಕಾರು ನಡೆಸಿದೆ. ಮನೆಯ ತಿರುವು ಬರುವವರೆಗೆ ಪಲ್ಲವಿ, ಅನುಪಲ್ಲವಿ, ಚರಣ ಎಲ್ಲ ನಿರಾತಂಕವಾಗಿ ಮುಗಿಯಿತು.

ಮಾವ ಮುಂದಕ್ಕೆ ಬಗ್ಗಿ ನನ್ನ ಭುಜ ತಟ್ಟಿದರು.

“ಹೀಗೆ ಸುಮ್ಮನಿರಬೇಕು ನೋಡಿ ಅಳಿಯಂದ್ರೆ. ಭೇಷ್.”