ಕಾಗೆ ತೋರಿಸುವ ವಿದ್ಯೆ

ಮಗುವನ್ನು ಬಿಟ್ಟು ಹೊರಗೆ ಹೋಗುವುದಕ್ಕೆ ನಮ್ಮ ಮನೆತನದಲ್ಲಿ ಒಂದೇ ವಿದ್ಯೆ: ಕಾಗೆ ತೋರಿಸುವುದು. ಮಗು ತಲೆ ಎತ್ತಿ ನೋಡಬೇಕು, ತಲೆ ಇಳಿಸುವಷ್ಟರಲ್ಲಿ ನಾವು ಗಲ್ಲಿ ದಾಟಿರಬೇಕು. ನಮ್ಮಪ್ಪ ಪ್ರತಿ ಜನವರಿಯಲ್ಲೂ ನನಗೆ ಕಾಗೆ ತೋರಿಸಿಯೇ ನಾಂಪಲ್ಲಿಯ ಎಕ್ಸಿಬಿಷನ್ ನೋಡಿ ಬರುತ್ತಿದ್ದ. ಮೆಟ್ರಿಕ್ ಪಾಸಾಗುವ ಹೊತ್ತಿಗೆ ನನಗೆ ಕಾಗೆಗಳ ಬಗ್ಗೆ ತಿಳಿದಷ್ಟು ಗಣಿತದ ಬಗ್ಗೆ ತಿಳಿದಿರಲಿಲ್ಲ.

ಸೊಸೆ ಗಿರಿಜಾಗೆ ಸನತ್‌ನಗರದ ಔಷಧಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಎರಡೂವರೆ ವರ್ಷದ ಮೊಮ್ಮಗಳು ಸುಮ್ಮಿಯನ್ನು ಕುಷಾಯಿಗೂಡದ ನಮ್ಮ ಗಲ್ಲಿಯ ತುದಿಯಲ್ಲಿರುವ ಕ್ರೆಶ್‌ಗೆ ಹಾಕುವುದೆಂದು ಮಾತಾಯಿತು. "ಮಂದಿ ಕೈಯಾಗ ಬೆಳದ ಕೂಸಿನ ಎದಿ ಕಲ್ಲಾಗ್ತೈತಿ" ಎಂದು ನಾನು ಸಾರಿದೆ. ನಾನೇ ನೋಡಿಕೊಳ್ಳುತ್ತೇನೆಂದು ಒಂದು ದಿನ ಪ್ರಯೋಗವನ್ನೂ ಮಾಡಿದ್ದೆ. ನನಗೆ ಎಚ್ಚರವಾದಾಗ ಕನ್ನಡಕ ಸಾರಿನ ಪಾತ್ರೆಯಲ್ಲಿತ್ತು. "ಕೂಸಿನ್ನ ಮಲಗಸ್ಲಿಕ್ಕೆ ಹೋಗಿ ತಾವ ಮಲಗಿದ್ರು" ಎಂದು ನನ್ನ ಹೆಂಡತಿ ಇಡೀ ಗಲ್ಲಿಗೆ ಸುದ್ದಿ ಹಂಚಿದಳು. ಕೊನೆಗೆ ಗಿರಿಜಾ, "ಒಂದು ವಾರ ನೋಡೂಣ್ರಿ ಮಾವಾರ. ಸುಮ್ಮಿ ಹೊಂದಿಕೊಳ್ಳಲಿಲ್ಲಂದ್ರ ಕೆಲಸ ಬಿಟ್ಟಬಿಡ್ತೀನಿ" ಅಂದಳು. ಬಿಟ್ಟುಬರುವ ಹೊಣೆ ನನ್ನ ಪಾಲಿಗೆ ಬಂತು.

ಗೇಟಿನಲ್ಲಿ ನಿಂತು "ಅಗೋ ಕಾಗಿ!" ಅಂದೆ, ಓಡಿದೆ. ಹಿಂದೆ ಎದ್ದ ಕೂಗು ಸಿಕಂದರಾಬಾದಿಗೂ ಕೇಳಿಸಿರಬೇಕು. ಮರುದಿನವೂ ಅದೇ ಕಾಗೆ, ಅದೇ ಓಟ, ಅದೇ ಕೂಗು. ಸುಮ್ಮಿ ಅಲ್ಲಿ ಯಾವ ಆಟಿಕೆಯನ್ನೂ ಮುಟ್ಟದೆ ದಿನವಿಡೀ ಬಾಗಿಲನ್ನೇ ನೋಡುತ್ತ ಕೂರುತ್ತಾಳೆ ಎಂದು ಸುದ್ದಿ ಬಂತು. ಮನೆಯಲ್ಲಂತೂ ನಾನು ಬಚ್ಚಲಿಗೆ ಹೋದರೆ ಬಾಗಿಲಿಗೆ ಕಾವಲು ಕೂರುತ್ತಿದ್ದಳು. "ನಾ ಹೇಳಿದ್ದಿಲ್ಲೇನು?" ಎನ್ನುತ್ತ ಒಳಗೊಳಗೇ ಹಿಗ್ಗಿದೆ. ಹೌದು, ಕೂಸು ಅತ್ತದ್ದಕ್ಕೆ ಹಿಗ್ಗಿದೆ. ದೇವರು ಕ್ಷಮಿಸಲಿ. ಗಿರಿಜಾ ಕಾರ್ಖಾನೆಯ ಹೊಸ ಗುರುತಿನ ಕಾರ್ಡಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು.

ಆಗ ಸುಮ್ಮಿ ತನ್ನ ಗೊಂಬೆಯನ್ನು ಹೊಸ್ತಿಲ ಮೇಲೆ ಕೂರಿಸಿದಳು. ನನ್ನ ಚಪ್ಪಲಿ ಮೆಟ್ಟಿಕೊಂಡು, ನನ್ನ ಹಾಗೇ ಕೆಮ್ಮಿ, "ಅಗೋ ಕಾಗಿ!" ಎಂದು ಕೂಗಿ ಟಪಟಪ ಓಡಿ ಕಪಾಟಿನ ಹಿಂದೆ ಅಡಗಿದಳು. ಆಮೇಲೆ ವಾಪಸು ಬಂದು ಗೊಂಬೆಯ ಪರವಾಗಿ ತಾನೇ ಅತ್ತಳು. ಮತ್ತೆ ಓಡಿದಳು. ಕುಕ್ಕರ್ ಕೂಡ ಸಿಳ್ಳೆ ಹಾಕದೆ ನೋಡುತ್ತಿತ್ತು.

"ಮಾವಾರ, ಹೋಗಿ ಬರ್ತೀನಂತ ಕೂಸಿಗೆ ಹೇಳಿ ಬರ್ತಿದ್ರೋ, ಇಲ್ಲೋ?"

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ, "ಅವರೆಲ್ಲಿ ಹೇಳ್ತಾರ! ನಾಳೆ ಯಮ ಬಂದ್ರೂ ಅವಂಗೊಂದು ಕಾಗಿ ತೋರಿಸಿ ಓಡ್ತಾರ!"

ಮರುದಿನ ಗೇಟಿನಲ್ಲಿ ಮಂಡಿ ಕಟಕಟ ಅನ್ನಿಸುತ್ತ ಕೂತು, "ಹೋಗಿ ಬರ್ತೀನವ್ವಾ. ನೀ ಊಟ ಮಾಡಿ ಮಲಗಿ ಎದ್ದ ಮ್ಯಾಲೆ ಬರ್ತೀನಿ" ಅಂದೆ. ಅತ್ತಳು. ಹೇಳಿದ ಹೊತ್ತಿಗೆ ಬಂದೆ. ಮಾರನೆಯ ದಿನ ಕಡಿಮೆ ಅತ್ತಳು. ವಾರ ಮುಗಿಯುವುದರೊಳಗೆ ಅವಳಿಗೆ ಗೆಳತಿಯರಾದರು, ಗಿರಿಜಾಳ ಕಾರ್ಡು ಕೊರಳಿಗೇರಿತು. ಎದೆ ಕಲ್ಲಾಗುವುದು ಹಾಗಿರಲಿ, ಈಗ ಸುಮ್ಮಿ ಅಜ್ಜಿಯ ಮಂಡಿ ನೋವಿಗೆ ಉಫ್ ಎಂದು ಊದುತ್ತಾಳೆ. ನಾನು ರಿಮೋಟ್ ಕಸಿದುಕೊಂಡರೆ, "ಅಜ್ಜಾ, ಈಗ ಅಜ್ಜಿ ಪಾಳಿ!" ಎಂದು ಕಸಿದು ಕೊಡುತ್ತಾಳೆ. ಅರವತ್ತು ದಾಟಿದ ನನಗೆ ಪಾಳಿ ಎಂಬುದೊಂದಿದೆ ಎಂದು ತಿಳಿದದ್ದೇ ಆಗ.

ನಿನ್ನೆ ಗೇಟಿನಲ್ಲಿ ಅವಳೇ, "ಹೋಗಿ ಬಾ ಅಜ್ಜಾ" ಅಂದಳು. ನನಗೆ ಹೋಗಲು ಮನಸ್ಸಾಗಲಿಲ್ಲ. "ಇನ್ನೊಂಚೂರು ನಿಲ್ತೀನವ್ವಾ" ಅಂದೆ. ಒಳಗಿಂದ ಗೆಳತಿಯರು ಕರೆಯುತ್ತಿದ್ದರು. ಸುಮ್ಮಿ ನನ್ನನ್ನೊಮ್ಮೆ ಕನಿಕರದಿಂದ ನೋಡಿ, ಬೇವಿನ ಮರದತ್ತ ಕೈ ಎತ್ತಿದಳು.

"ಅಜ್ಜಾ, ಅಗೋ ಕಾಗಿ!"

ಇಷ್ಟು ವರ್ಷದ ಅನುಭವವಿದ್ದೂ ನೋಡಿದೆ. ತಲೆ ಇಳಿಸಿದಾಗ ಗೇಟಿನಲ್ಲಿ ಆಯಾ ಒಬ್ಬಳೇ ಇದ್ದಳು. "ಏಡವಕು ತಾತಾ", ಅಳಬೇಡ ತಾತಾ, ಎಂದು ತೆಲುಗಿನಲ್ಲಿ ಸಮಾಧಾನ ಹೇಳಿ, ಅಳುವ ಮಕ್ಕಳಿಗೆಂದು ಇಟ್ಟ ಡಬ್ಬಿಯಿಂದ ಒಂದು ಬಿಸ್ಕೀಟು ತೆಗೆದುಕೊಟ್ಟಳು.

ತಿಂದೆ.