ಹಗ್ಗ ಮುಟ್ಟಿ ಹಡಗು ಹೇಳುವವನು

ಮೊದಲು ನಮ್ಮ ವಂಶದ ಮಾತು ಹೇಳಿಬಿಡುತ್ತೇನೆ. ಆಮೇಲೆ ನನ್ನ ಮಾನ ಹೋದ ಕತೆ ಕೇಳಿದರೆ, ಎಷ್ಟು ಎತ್ತರದಿಂದ ಬಿದ್ದೆ ಅನ್ನುವ ಅಂದಾಜಾದರೂ ನಿಮಗೆ ಸಿಗುತ್ತದೆ.

ಮುತ್ತಜ್ಜ ಸ್ತಮಾತಿಸ್ ನಮ್ಮ ಕಟಾಕೊಲೊ ಬಂದರಿನ ಹುಲಿ. ಒಣದ್ರಾಕ್ಷಿ ತುಂಬಿಕೊಳ್ಳಲು ಬಂದ ಹಡಗೊಂದು ಬಿರುಗಾಳಿಗೆ ಸಿಕ್ಕಿ ಬಂಡೆಯ ಕಡೆ ಹೊರಟಾಗ, ಅದರ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ದಡದ ಗೂಟಕ್ಕೆ ಬಿಗಿದವನು. ಅಜ್ಜ ಪಾನಾಗೋಸ್‌ನ ಎರಡು ಬೆರಳನ್ನು ಹಗ್ಗ ನುಂಗಿತು. ಉಳಿದ ಎಂಟರಲ್ಲಿ ಗಂಟು ಮುಗಿಸಿ, ಆಮೇಲೆ "ಅಯ್ಯೋ" ಅಂದನಂತೆ. ಅಪ್ಪ ಕಣ್ಣು ಮಂಜಾದ ಮೇಲೂ ಹಗ್ಗ ಮುಟ್ಟಿಯೇ ಹಡಗಿನ ಹೆಸರು ಹೇಳುತ್ತಿದ್ದ. ನಾನು ಆರ್ಗಿರಿಸ್. ನಾಲ್ಕನೇ ತರಗತಿಗೆ ಶಾಲೆ ಬಿಟ್ಟೆ (ಶಾಲೆಯೇ ನನ್ನನ್ನು ಬಿಟ್ಟಿತು ಎಂದು ಹೆಂಡತಿ ತಿದ್ದುತ್ತಾಳೆ). ನಲವತ್ತೆರಡು ವರ್ಷ ಅದೇ ಬಂದರಿನ ದಕ್ಕೆಯಲ್ಲಿ ನಿಂತು, ಬಂದ ಹಡಗಿನ ಹಗ್ಗ ಹಿಡಿದು ಗೂಟಕ್ಕೆ ಹಾಕಿದ್ದೇನೆ. ಓದಿದವರಿಗೆ ತೇಲುವ ಅರಮನೆ ಕಾಣುತ್ತದೆ. ನನಗೆ ಅದರ ಹಣೆಬರಹ ಕಾಣುತ್ತದೆ.

ಇಂಥ ಪಂಡಿತನ ಹೆಂಡತಿಗೆ ಹಡಗಿನ ಪ್ರವಾಸ ಬೇಕಾಯಿತು.

"ಸೆಪ್ಟೆಂಬರಿಗೆ ಮದುವೆಯಾಗಿ ಐವತ್ತು ವರ್ಷ" ಎಂದಳು ಫ್ರೋಸೋ, ಬೆಂಡೆಕಾಯಿ ತೊಟ್ಟು ತೆಗೆಯುತ್ತಾ. "ಐವತ್ತು ವರ್ಷ ಈ ಕಿಟಕೀಲಿ ನಿಂತು ಹೋಗೋ ಹಡಗಿನ ಬೆನ್ನು ನೋಡಿದೀನಿ. ಒಂದೇ ಒಂದು ಸಲ ಹಡಗಿನ ಮೇಲೆ ನಿಂತು, ನಮ್ಮ ಕಿಟಕಿ ಎಷ್ಟು ಚಿಕ್ಕದಾಗಿ ಕಾಣುತ್ತೆ ಅಂತ ನೋಡಬೇಕು. ಮಂಡಿ ಇನ್ನೂ ಬಗ್ಗುತ್ತೆ. ಬರೋ ವರ್ಷ ಬಗ್ಗುತ್ತೋ ಇಲ್ವೋ."

ಪ್ರವಾಸದ ಅಂಗಡಿ ಇಟ್ಟಿರುವ ನನ್ನ ಅಣ್ಣನ ಮಗಳು ರೊಡಾಂಥಿ ಬಣ್ಣದ ಹಾಳೆಗಳನ್ನು ತಂದು ಮೇಜಿನ ಮೇಲೆ ಹರಡಿದಳು. ಹಡಗುಗಳಲ್ಲಿ ಮೂರು ದರ್ಜೆಯಂತೆ: ಸಾಧಾರಣ, ಉತ್ತಮ, ರಾಜಭೋಗ. ಯಾವುದರಲ್ಲಿ ಎಷ್ಟು ಈಜುಕೊಳ, ಎಷ್ಟು ಅಡುಗೆಯವರು, ದಿಂಬು ಎಷ್ಟು ಮೆತ್ತಗೆ ಎಲ್ಲ ಅಚ್ಚಾಗಿತ್ತು. ನಾನು ಹಾಳೆ ಪಕ್ಕಕ್ಕೆ ಸರಿಸಿದೆ.

"ಹಗ್ಗದ ಬಗ್ಗೆ ಏನು ಬರೆದಿದೆ?"

"ಹಗ್ಗನಾ ಚಿಕ್ಕಪ್ಪ? ಏನೂ ಇಲ್ಲ."

"ಮತ್ತೆ ಇದೇನು ದರ್ಜೆ?"

ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ನನ್ನದೇ ದರ್ಜೆ ಬರೆದೆ. ಹಗ್ಗ ಒಣಗಿ, ಮೆದುವಾಗಿ, ಅಂಗೈಗೆ ಬಂದು ಬಿದ್ದರೆ ಆ ಹಡಗಿನಲ್ಲಿ ಊಟ ಬಿಸಿಯಾಗಿರುತ್ತದೆ. ಹಗ್ಗಕ್ಕೆ ಎಣ್ಣೆ ಅಂಟಿದ್ದರೆ ಹಾಸಿಗೆಯ ಚಾದರವನ್ನೂ ನಂಬಬೇಡಿ. ತಲೆಯ ಮೇಲೆ ಎಸೆದರೋ, ಅದು ಮನುಷ್ಯರ ಹಡಗೇ ಅಲ್ಲ.

ಸುದ್ದಿ ಊರಿಗೆ ಹಬ್ಬಿತು. ತನಗೆ ಯಾವ ಹಡಗು ಸರಿ ಎಂದು ಕೇಳಲು ಬೇಕರಿಯ ವಿಧವೆ ವಾಸಿಲೋ ಬಂದಳು. ಮಾತಿಗೆ ಜನ ಬೇಕಾದವಳು. ಅವಳನ್ನು ನಾಲ್ಕು ಸಾವಿರ ಜನರ ಸಾಧಾರಣ ಹಡಗಿಗೆ ಅಟ್ಟಿದೆ. ಪಾದ್ರಿಗೂ ಅವರ ಹೆಂಡತಿಗೂ ಸದ್ದಿಲ್ಲದ ಪುಟ್ಟ ಹಡಗು. ಹೊಸದಾಗಿ ಮದುವೆಯಾದವರಿಗೆ ಕಿಟಕಿಯಿಲ್ಲದ ಕೋಣೆ (ಅವರಿಗೇಕೆ ಕಿಟಕಿ?). ಎಲ್ಲರೂ ಹೋದರು, ಬಂದರು, ಹೊಗಳಿದರು. ನನ್ನ ಮೀಸೆ ಒಂದಂಗುಲ ಬೆಳೆಯಿತು.

ಫ್ರೋಸೋಗೆ ಮಾತ್ರ ಹಡಗು ಸಿಗಲಿಲ್ಲ. ಒಂದರ ಹಗ್ಗಕ್ಕೆ ತೇಪೆ. ಇನ್ನೊಂದರದು ಹೊಸದು, ಹೊಸ ಹಗ್ಗವನ್ನು ನಂಬಬಾರದು. ಮತ್ತೊಂದರದು ಎಲ್ಲ ಸರಿ, ಆದರೆ ಎಸೆದವನ ಮುಖ ನನಗೆ ಹಿಡಿಸಲಿಲ್ಲ. ಜೂನ್, ಜುಲೈ, ಆಗಸ್ಟ್ ಬಿಸಿಲಲ್ಲಿ ದಕ್ಕೆಗೆ ಹೋಗಿ ಬಂದು ನಾನು ಸೊರಗಿದೆ. ಅವಳು ಕೇಳಿ ಕೇಳಿ ಸೊರಗಿದಳು.

"ಊರಿಗೆಲ್ಲ ಹಡಗು, ನನಗೆ ಮಾತ್ರ ಹಗ್ಗ" ಎಂದಳು ಒಂದು ದಿನ.

"ನಿನಗೆ ಕಂಡಕಂಡದ್ದು ಆಗುತ್ತಾ? ನೀನು ಆರ್ಗಿರಿಸನ ಹೆಂಡತಿ."

"ಅದೇ ರೋಗ ಕಣಪ್ಪ. ಭಾನುವಾರ ಬಿಳಿ ಹಡಗು ಬರುತ್ತೆ, ಉತ್ತಮ ದರ್ಜೆ. ರೊಡಾಂಥಿ ಕೈಲಿ ಎರಡು ಟಿಕೆಟ್ ಮಾಡಿಸಿದೀನಿ. ಬಂದರೆ ಬಾ. ಇಲ್ಲದಿದ್ದರೆ ಹಡಗಲ್ಲಿ ನಿನ್ನ ಹಾಸಿಗೇಲಿ ನನ್ನ ಚೀಲ ಮಲಗುತ್ತೆ."

ಭಾನುವಾರ ನಾನು ಎಲ್ಲರಿಗಿಂತ ಮೊದಲು ದಕ್ಕೆಯಲ್ಲಿದ್ದೆ. ಬಿಳಿ ಹಡಗು ಬಂತು. ಹಗ್ಗ ಬಂತು. ಹೆಬ್ಬೆರಳಲ್ಲಿ ಒತ್ತಿದೆ, ಮೂಸಿದೆ, ಹೆಣಿಗೆ ಎಣಿಸಿದೆ. ದೇವರೇ, ಒಂದು ದೋಷವಿಲ್ಲ. ಮುತ್ತಜ್ಜ ಎದ್ದು ಬಂದರೂ ಕೈಮುಗಿಯುವಂಥ ಹಗ್ಗ. ಎಸೆದವನೂ ಸುಂದರ.

"ಏನು ಹೇಳುತ್ತೆ ಹಗ್ಗ?" ಫ್ರೋಸೋ ನೀಲಿ ಟೋಪಿ ಹಾಕಿ ಬಂದಿದ್ದಳು.

"ಪರವಾಗಿಲ್ಲ" ಎಂದೆ. ಹಗ್ಗವನ್ನು ಇನ್ನೊಂದು ಸಲ ಮೂಸಿದೆ.

ಅವಳು ಹಡಗಿನಿಂದ ದಡಕ್ಕೆ ಚಾಚಿದ ಮೆಟ್ಟಿಲನ್ನು, ಬಗ್ಗುತ್ತೋ ಇಲ್ಲವೋ ಎಂದ ಅದೇ ಮಂಡಿಯಲ್ಲಿ, ಮೇಕೆಯ ಹಾಗೆ ಹತ್ತಿದಳು. ನಾನು ಹಿಂದೆಯೇ ಹೊರಟೆ. ಒಂದು, ಎರಡು, ಮೂರು. ನಾಲ್ಕನೇ ಮೆಟ್ಟಿಲಲ್ಲಿ ಕೆಳಗೆ ನೋಡಿದೆ. ಹಡಗಿಗೂ ಕಲ್ಲಿಗೂ ನಡುವೆ ಹಸಿರು ನೀರು ಬಾಯಿ ಚಪ್ಪರಿಸುತ್ತಿತ್ತು. ಕಾಲಡಿಯ ಹಲಗೆ ಮೇಲೆ ಹೋಯಿತು, ಕೆಳಗೆ ಬಂತು. ಆಗ ಒಂದು ಸಂಗತಿ ಹೊಳೆಯಿತು. ನಮ್ಮ ನಾಲ್ಕು ತಲೆಮಾರಿನಲ್ಲಿ ಹಡಗನ್ನು ಗೂಟಕ್ಕೆ ಕಟ್ಟದವರು ಯಾರೂ ಇಲ್ಲ. ಹಡಗು ಹತ್ತಿದವರೂ ಯಾರೂ ಇಲ್ಲ. ಮೂರು ತಿಂಗಳು ನಾನು ಹುಡುಕಿದ ದೋಷ ಹಗ್ಗದ್ದಾಗಿರಲಿಲ್ಲ.

ಕಾಲು ಹಲಗೆಗೆ ಅಂಟಿತು. ಕೈ ಕಟಕಟೆಗೆ ಅಂಟಿತು. ಹಿಂದೆ ನೂರು ಜನ ಚೀಲ ಹಿಡಿದು ನಿಂತರು. ದಕ್ಕೆಯಿಂದ ವಾಸಿಲೋ ಕೂಗಿದಳು, "ಆರ್ಗಿರಿಸ್, ಅಲ್ಲೂ ಹಗ್ಗ ಮೂಸ್ತಿದೀಯಾ?" ಮೇಲಿಂದ ಫ್ರೋಸೋ ಬಗ್ಗಿ ನೋಡಿದಳು. ಅವಳ ಕೈಯಲ್ಲಾಗಲೇ ಕಿತ್ತಳೆ ಶರಬತ್ತಿನ ಲೋಟ.

"ಬರ್ತೀಯೋ, ಇಲ್ಲ ಅಲ್ಲಿಗೇ ಊಟ ಕಳಿಸಲೋ?"

ರೊಡಾಂಥಿ ಜನರನ್ನು ಸರಿಸಿಕೊಂಡು ಹತ್ತಿರ ಬಂದಳು. ಅವಳ ಹಿಂದೆ ಹಡಗಿನವನೊಬ್ಬ ಗಾಲಿಕುರ್ಚಿ ಹೊತ್ತುಕೊಂಡು ಬರುತ್ತಿದ್ದ.

"ಚಿಕ್ಕಪ್ಪ, ಕೈ ಕೊಡಿ. ಕಣ್ಣು ಮುಚ್ಚಿಕೊಳ್ಳಿ, ನಾನು ದಾಟಿಸ್ತೀನಿ."

"ಬೇಡಮ್ಮ" ಎಂದೆ. "ಆ ಕುರ್ಚೀನೂ ಬೇಡ. ನಿಮಗೆ ಹೊತ್ತಾಗಿದ್ದರೆ ಹಡಗು ಬಿಡಿ. ನಾನು ಹಿಂದಿನಿಂದ ನಿಧಾನಕ್ಕೆ ನಡ್ಕೊಂಡು ಬರ್ತೀನಿ."