ಸ್ಟೋರ್ ರೂಮಿನಿಂದ ಬಂದ ಸರ್ವರ್

ನನ್ನ ಪಾಲಿಗೆ ಬರುವ ಕಂಪ್ಯೂಟರುಗಳೆಲ್ಲ, ಪ್ರಾಣ ಬಿಡುವ ಮೊದಲು ಒಮ್ಮೆ ನನ್ನ ಮುಖ ನೋಡಬೇಕೆಂದು ಹರಕೆ ಹೊತ್ತಂತೆ ಬರುತ್ತವೆ. ಅದು ಇವತ್ತು ನಿನ್ನೆಯ ಕಥೆಯಲ್ಲ. ನಾನು ಕೊಟ್ಟೂರಿನ ಒಂದು ಸಣ್ಣ ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ಅತಿಥಿ ಉಪನ್ಯಾಸಕ. ಕೂಡ್ಲಿಗಿಯಿಂದ ದಿನಾ ಬಸ್ಸಿನಲ್ಲಿ ನಿಂತುಕೊಂಡು ಬರುವವನು. ಅತಿಥಿ ಎಂದರೆ ಎಲೆ ಹಾಕಿ ಕೂರಿಸುತ್ತಾರೆ ಅಂದುಕೊಳ್ಳಬೇಡಿ. ಯಾವಾಗ ಬೇಕಾದರೂ ಎದ್ದು ಹೋಗು ಅನ್ನಬಹುದು, ಅಷ್ಟೇ.

ಈ ಸಲ ವಿಶ್ವವಿದ್ಯಾಲಯದಿಂದ ತಪಾಸಣೆಗೆ ಬರುವವರು ಮೊದಲೇ ಹೇಳಿ ಕಳಿಸಿದ್ದರು: ಲ್ಯಾಬಿನಲ್ಲಿ ಒಂದು ಸರ್ವರ್ ಇರಲೇಬೇಕು. ಸರ್ವರ್ ಎಂದರೆ ಹುಡುಗರು ಮಾಡಿದ್ದನ್ನೆಲ್ಲ ಒಂದೇ ಕಡೆ ಕಾದಿಟ್ಟುಕೊಂಡು, ಕೇಳಿದವರಿಗೆ ಕೊಡುತ್ತ, ಸದಾ ಎಚ್ಚರ ಇರಬೇಕಾದ ಕಂಪ್ಯೂಟರ್. ಅದಿಲ್ಲದಿದ್ದರೆ ನಮ್ಮ ಕೋರ್ಸ್ ಇಲ್ಲ. ಕೋರ್ಸ್ ಇಲ್ಲದಿದ್ದರೆ ನಾನಿಲ್ಲ.

ನಮ್ಮ ಪ್ರಿನ್ಸಿಪಾಲರು ಒಳ್ಳೆಯವರು. "ಹೊಸಾದು ಯಾಕ್ರಿ? ಸ್ಟೋರ್ ರೂಮಿನ್ಯಾಗ ಒಂದು ಹಳೇ ಕಂಪ್ಯೂಟರ್ ಐತಲ್ಲ. ಅದಕ್ಕ ಸರ್ವರ್ ಹಾಕಿಬಿಡ್ರಿ" ಅಂದರು. ಗೋಡೆಗೆ ಸುಣ್ಣ ಹಾಕಿಬಿಡ್ರಿ ಅಂದಷ್ಟೇ ಸಲೀಸಾಗಿ ಅಂದರು.

ವಿಭೂತಿ

ಮುರುಕು ಬೆಂಚುಗಳ ಅಡಿಯಿಂದ ಅದನ್ನು ಎಳೆದು ತಂದು ಒರೆಸಿದೆ. ಪೆನ್ ಡ್ರೈವ್ ಹಾಕಿದರೆ ಗುರುತೇ ಹಿಡಿಯಲಿಲ್ಲ. ಅದರ ಕಾಲದಲ್ಲಿ ಇದ್ದದ್ದು ಡಿವಿಡಿ. ಹೊಸಪೇಟೆಯಲ್ಲಿ ಹುಡುಕಿ ಖಾಲಿ ಡಿವಿಡಿ ತಂದು, ಸರ್ವರಿನ ಸಾಫ್ಟ್‌ವೇರನ್ನು ಅದಕ್ಕೆ ತುಂಬಿ, ಕಂಪ್ಯೂಟರಿನ ನೆತ್ತಿಯ ಮೇಲೆ ಇಟ್ಟು ಮನೆಗೆ ಹೋದೆ. ಮರುದಿನ ಆಯುಧಪೂಜೆ ಎಂಬುದು ನನ್ನ ತಲೆಯಲ್ಲಿರಲಿಲ್ಲ.

ಹಬ್ಬ ಮುಗಿಸಿ ಬಂದು ಅವಸರದಲ್ಲಿ ನೋಡದೆ ಡಿವಿಡಿ ಹಾಕಿದರೆ ಒಳಗೆ ಜೋಳ ಬೀಸಿದ ಹಾಗೆ ಸದ್ದು. ತೆಗೆದು ನೋಡಿದೆ. ಹೊಳೆಯುವ ಮೈಯ ಮೇಲೆ ಅಚ್ಚುಕಟ್ಟಾಗಿ ಮೂರು ಬೆರಳ ವಿಭೂತಿ, ನಡುವೆ ಕುಂಕುಮ. ನಮ್ಮ ಅಟೆಂಡರ್ ಅಣ್ಣ ಬಾಗಿಲಲ್ಲಿ ಕೈ ಕಟ್ಟಿಕೊಂಡು ನಿಂತಿದ್ದ.

"ಅಣ್ಣಾ, ಇದರ ಮ್ಯಾಲೆ ಯಾಕ ಹಚ್ಚಿದಿ? ಓದೋದು ಈ ಕಡಿಯಿಂದನ" ಅಂದೆ, ಅಳುವುದೊಂದು ಬಾಕಿ.

"ಇನ್ನೊಂದು ಕಡಿ ನೀವು ಪೆನ್ನಿಲೆ ಬರದಿದ್ರಿ, ಸರ. ಬರದಿದ್ದರ ಮ್ಯಾಲೆ ಹೆಂಗ ಹಚ್ಚೋದು? ಅಕ್ಷರ ಅಂದ್ರ ಸರಸ್ವತಿ ಅಲ್ಲೇನ್ರಿ?"

ಅವನ ಭಕ್ತಿಯಲ್ಲಿ ತಪ್ಪು ಹುಡುಕಲಾಗಲಿಲ್ಲ. ಮತ್ತೆ ಹೊಸಪೇಟೆಗೆ ಹೋದೆ.

ಮೇನ್ ಸ್ವಿಚ್

ಎರಡನೆಯ ಡಿವಿಡಿ ಓಡಿತು. ಓಡಿತು ಅನ್ನುವುದಕ್ಕಿಂತ ತೆವಳಿತು. ಸಂಜೆಯಾದರೂ ಮುಗಿಯಲಿಲ್ಲ. ಯುಪಿಎಸ್ಸಿನ ಬ್ಯಾಟರಿ ಸತ್ತು ಎಷ್ಟೋ ವರ್ಷವಾಗಿತ್ತು. ಬಸ್ಸಿನ ಹೊತ್ತಾಯಿತು. ಅಟೆಂಡರನನ್ನು ಕರೆದು, "ಅಣ್ಣಾ, ಕೈ ಮುಗಿತೀನಿ, ಈ ಕಂಪ್ಯೂಟರ್ ಒಂದನ್ನ ಯಾರೂ ಆಫ್ ಮಾಡಬಾರದು" ಅಂದೆ. ಅವನು ತನ್ನ ಮಗನ ತಲೆಯ ಮೇಲೆ ಆಣೆ ಇಟ್ಟ.

ಬೆಳಿಗ್ಗೆ ಬಂದರೆ ತೆರೆ ಕಪ್ಪು. ಅರ್ಧಕ್ಕೇ ನಿಂತ ಕೆಲಸ ಪೂರ್ತಿ ಹಾಳು.

"ಆಣಿ ಇಟ್ಟಿದ್ದಿಯಲ್ಲೋ ಅಣ್ಣಾ!"

"ನಾ ಕಂಪ್ಯೂಟರ್ ಮುಟ್ಟೇ ಇಲ್ರಿ ಸರ" ಎಂದ, ಮುಖ ಸಣ್ಣದು ಮಾಡಿಕೊಂಡು. "ದಿನಾ ಮಾಡ್ದಂಗ ಹೊರಗಿನ ಮೇನ್ ಸ್ವಿಚ್ ಅಷ್ಟ ಆಫ್ ಮಾಡೀನಿ."

ಕರ್ರಗಿನ ಮುಖ

ಅಂತೂ ಒಂದು ದಿನ ಸರ್ವರ್ ಹಾಕಿ ಮುಗಿಸಿದೆ. ಕಪ್ಪು ತೆರೆ, ಅದರ ಮೇಲೆ ಬಿಳಿ ಅಕ್ಷರ, ಮಿಣುಕುವ ಒಂದು ಸಣ್ಣ ಗೆರೆ. ಲ್ಯಾಬಿನ ಬೇರೆ ಕಂಪ್ಯೂಟರಿನಿಂದ ಕೇಳಿದರೆ ಕೇಳಿದ್ದನ್ನು ಕೊಟ್ಟಿತು. ನನ್ನ ಕಣ್ಣು ತುಂಬಿ ಬಂತು. ಓಡಿಹೋಗಿ ಪ್ರಿನ್ಸಿಪಾಲರನ್ನು ಕರೆತಂದೆ.

ಅವರು ಕನ್ನಡಕ ಏರಿಸಿ, ಇಳಿಸಿ ನೋಡಿದರು. "ಇದೇನ್ರಿ, ಮುಖ ಹಿಂಗ ಕರ್ರಗೈತಿ? ಚಿತ್ರ ಇಲ್ಲ, ಮೌಸಿನ ಬಾಣ ಇಲ್ಲ. ಕೆಟ್ಟೈತೇನು?"

"ಇಲ್ರಿ ಸರ, ಸರ್ವರ್ ಹಿಂಗ ಇರತೈತಿ. ತೋರಿಸ್ಕೊಳ್ಳಂಗಿಲ್ಲ, ಸುಮ್ಮನ ಕೆಲಸ ಮಾಡತೈತಿ."

"ಸುಮ್ಮನ ಕೆಲಸ ಮಾಡಿದ್ರ ಬಂದೋರಿಗೆ ಹೆಂಗ್ರಿ ಗೊತ್ತಾಗೋದು?" ಎಂದು ಅವರು ನಿಟ್ಟುಸಿರು ಬಿಟ್ಟು, ಅಟೆಂಡರನನ್ನು ಕರೆದು ಮಾನಿಟರಿನ ಮೇಲೆ ಬಾಲಗಣಪತಿಯ ಕ್ಯಾಲೆಂಡರು ತೂಗುಹಾಕಿಸಿದರು. "ಈಗ ನೋಡ್ರಿ, ಜೀವ ಬಂತು."

ಸನ್ಮಾನ

ತಪಾಸಣೆಯ ದಿನ ಬಂತು. ಬೆಳಿಗ್ಗೆಯಿಂದ ಸರ್ವರ್ ಒಂದು ಸಲವೂ ಮುಗ್ಗರಿಸಿರಲಿಲ್ಲ. ಮೇನ್ ಸ್ವಿಚ್ಚಿನ ಮುಂದೆ ಅಟೆಂಡರ್ ಸ್ಟೂಲ್ ಹಾಕಿಕೊಂಡು ಕಾವಲು ಕೂತಿದ್ದ. ಬಂದವರು ಆಫೀಸಿನಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದರು. ನಾನು ಅಲ್ಲಿಯ ಬಾಗಿಲಲ್ಲಿ ನಿಂತು, ಈ ಒಂದು ದಿನ ದಾಟಿಸಪ್ಪಾ ಎಂದು ಕಂಡ ದೇವರಿಗೆಲ್ಲ ಬೇಡಿಕೊಳ್ಳುತ್ತಿದ್ದೆ.

ಅವರನ್ನು ಲ್ಯಾಬಿಗೆ ಕರೆತಂದು ನೋಡಿದರೆ, ಪ್ರಿನ್ಸಿಪಾಲರು ನನಗೂ ಹೇಳದೆ ಸರ್ವರನ್ನು ಸಿಂಗರಿಸಿಬಿಟ್ಟಿದ್ದರು. ನಮ್ಮ ಕಡೆ ಯಾವ ಸಮಾರಂಭವೂ ಶಾಲು ಹಾರ ಇಲ್ಲದೆ ಮುಗಿಯುವುದಿಲ್ಲ. ಹಳೇ ಕಂಪ್ಯೂಟರಿಗೆ ಜರಿಯಂಚಿನ ದಪ್ಪ ಶಾಲು ಸುತ್ತಿ, ಮೇಲೆ ಚೆಂಡು ಹೂವಿನ ಹಾರ ಹಾಕಿ, ನೆತ್ತಿಗೆ ಮೈಸೂರು ಪೇಟ ಇಟ್ಟಿದ್ದರು. ಉಸಿರಾಡುವ ಕಿಂಡಿಗಳೆಲ್ಲ ಬಂದ್. ಒಳಗಿನ ಫ್ಯಾನು ಏದುಸಿರು ಬಿಡುವುದು ನನಗೊಬ್ಬನಿಗೇ ಕೇಳಿಸಿತು.

"ಸರ, ಶಾಲು..." ಅಂದೆ.

"ಇರ್ರಿ, ಫೋಟೋ ಆಗ್ಲಿ" ಅಂದರು ಪ್ರಿನ್ಸಿಪಾಲರು.

ಫೋಟೋ ಆಯಿತು. ಒಳಗಿನಿಂದ ಒಂದು ನಿಡಿದಾದ ಸದ್ದು ಬಂದು ಸರ್ವರ್ ತಣ್ಣಗೆ ಆಫ್ ಆಯಿತು. ಎಷ್ಟು ಒತ್ತಿದರೂ ಏಳಲಿಲ್ಲ.

ತಪಾಸಣೆಯ ಹಿರಿಯರು ಶಾಲು ನೋಡಿದರು, ಹಾರ ನೋಡಿದರು. "ನಿವೃತ್ತಿ ಸಮಾರಂಭ ಅಂತ ಮೊದಲ ಹೇಳಿದ್ರ ನಾವೂ ಒಂದು ಹಾರ ತರ್ತಿದ್ವಲ್ರಿ" ಎಂದು ಹೇಳಿ ಜೀಪು ಹತ್ತಿದರು.

ಕೋರ್ಸ್ ಉಳಿಯಲಿಲ್ಲ. ಸುದ್ದಿ ಬಂದ ದಿನ ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. ಪಾಪ, ಅವರಿಗೂ ಸಂಕಟವಾಗಿತ್ತು. ಎದ್ದು ಬೀರು ತೆಗೆದು ಅದೇ ಶಾಲನ್ನು ಕೊಡವಿ ನನಗೆ ಹೊದಿಸಿದರು. ಅಟೆಂಡರ್ ಚಪ್ಪಾಳೆ ತಟ್ಟಿದ.

"ಬಾಳ ದುಡಿದ್ರಿ, ಮೇಷ್ಟ್ರೇ" ಅಂದರು. "ಏನೂ ತಿಳ್ಕೋಬ್ಯಾಡ್ರಿ, ಶಾಲು ಹೊಸಾದ ಐತಿ. ನಿಮಗಿಂತ ಮೊದಲು ಒಬ್ಬರೇ ಹೊದ್ದಿದ್ದು."